ಮೊದಲು ದುಡ್ಡು, ಆಮೇಲೆ ದೋಸೆ

ಬೆಂಗಳೂರಿನ ಯಾವ ದರ್ಶಿನಿಗೆ ಬೇಕಾದರೂ ಹೋಗಿ, ಮೊದಲು ಎದುರಾಗುವುದು ಕ್ಯಾಶ್ ಕೌಂಟರ್. ದುಡ್ಡು ಕೊಟ್ಟು ಟೋಕನ್ ತಗೊಂಡ ಮೇಲೇ ದೋಸೆಯವನು ನಿಮ್ಮ ಕಡೆ ತಿರುಗುವುದು. ನಿಮ್ಮ ಮಸಾಲೆ ದೋಸೆ ಇನ್ನೂ ಹಿಟ್ಟಾಗಿ ಪಾತ್ರೆಯಲ್ಲಿದೆ. ನಿಮ್ಮ ದುಡ್ಡು ಆಗಲೇ ಗಲ್ಲಾ ಸೇರಿದೆ.

ಇದನ್ನು ನೋಡುತ್ತಲೇ ಬೆಳೆದಿದ್ದೇನೆ. ಆದರೆ ಇದರೊಳಗೆ ಒಂದು ಲೆಕ್ಕಾಚಾರ ಇದೆ ಅಂತ ತಲೆಗೆ ಹೋಗಿದ್ದು ಉದ್ಯಮಶೀಲತೆಯ ಕೋರ್ಸಿಗೆ ಸೇರಿದಾಗ. ವಾರಾಂತ್ಯದ ಕ್ಲಾಸು. ನಾನು ಆಫೀಸೊಂದರಲ್ಲಿ ಅಕೌಂಟ್ಸ್ ನೋಡುವವಳು. ಸ್ವಂತ ಕಂಪನಿ ಕಟ್ಟಬೇಕು ಅಂತ ಹಟ ತೊಟ್ಟು ಸೇರಿದವಳಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ನನ್ನ ಸೋದರಮಾವನ ವರ್ಕ್‌ಶಾಪ್ ಇದೆ. ಬಿಡುವಾದಾಗ ಅವರ ಲೆಕ್ಕ ನಾನೇ ನೋಡಿಕೊಡುವುದು. ವರ್ಷ ವರ್ಷ ಲಾಭ ತೋರಿಸುವ ಲೆಕ್ಕ, ಆದರೆ ಕೈಯಲ್ಲಿ ಮಾತ್ರ ಯಾವಾಗಲೂ ದುಡ್ಡಿಲ್ಲ. ಇದು ಹೇಗೆ ಆಗುತ್ತದೆ ಅನ್ನುವುದು ಅಕೌಂಟ್ಸ್ ಓದಿದ ಯಾರಿಗಾದರೂ ಗೊತ್ತು. ಮಾವನಂಥವರಿಗೇ ಯಾಕೆ ಆಗುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ.

ಕೋರ್ಸಿನಲ್ಲಿ ಪಾಠ ಮಾಡುತ್ತಿದ್ದ ಮೇಡಂ ಶುರುವಿನಲ್ಲೇ ಕೊಟ್ಟ ಕೆಲಸ, ಒಂದು ದರ್ಶಿನಿಯಲ್ಲಿ ಬೆಳಗಿನ ಹೊತ್ತು ನೋಟ್‌ಬುಕ್ ಹಿಡಿದು ನಿಲ್ಲುವುದು. "ರುಚಿ ಬಗ್ಗೆ ಬರೀಬೇಡಿ. ದುಡ್ಡು ಯಾರಿಂದ ಯಾರಿಗೆ, ಯಾವಾಗ ಹೋಗುತ್ತೆ, ಅಷ್ಟೇ ಬರೀರಿ" ಅಂದರು. ನಾನು ವಿಜಯನಗರದಲ್ಲಿ, ಮಾರುತಿ ಮಂದಿರದ ಹತ್ತಿರದ ಒಂದು ದರ್ಶಿನಿ ಆರಿಸಿಕೊಂಡೆ.

ದೋಸೆ ಕಾವಲಿಯ ಮುಂದೆ ನಿಂತು ನೋಡಿ. ಪೊರಕೆಯಲ್ಲಿ ನೀರು ಚಿಮುಕಿಸಿ ಗುಡಿಸುತ್ತಾನೆ. ಸಾಲಾಗಿ ಬಿದ್ದಿರುವ ಟೋಕನ್ ಮೇಲೆ ಒಮ್ಮೆ ಕಣ್ಣು ಹಾಯಿಸುತ್ತಾನೆ. ಎಷ್ಟು ಟೋಕನ್ ಇದೆಯೋ ಅಷ್ಟೇ ಹಿಟ್ಟು ಹುಯ್ಯುತ್ತಾನೆ, ಒಂದು ಜಾಸ್ತಿ ಇಲ್ಲ, ಒಂದು ಕಮ್ಮಿ ಇಲ್ಲ. ಅಂದರೆ ಮಾರಾಟ ಮೊದಲು, ತಯಾರಿಕೆ ಆಮೇಲೆ. ಇಡ್ಲಿ, ವಡೆಗೆ ಈ ಅನುಕೂಲ ಇಲ್ಲ. ಅವು ಮೊದಲೇ ಆಗಿರಬೇಕು, ಹತ್ತೂವರೆ ಹನ್ನೊಂದಕ್ಕೆ ಉಳಿದರೆ ನಷ್ಟ. ಕ್ಯಾಶಿಯರ್ ನನ್ನ ನೋಟ್‌ಬುಕ್ ನೋಡಿ ಫುಡ್ ಇನ್‌ಸ್ಪೆಕ್ಟರ್ ಇರಬೇಕು ಅಂದುಕೊಂಡು ಕಾಫಿ ಕಳಿಸಿದರು. ವಿಷಯ ಹೇಳಿದ ಮೇಲೆ ನಕ್ಕು, ಎಲ್ಲಾ ಬಿಡಿಸಿ ಹೇಳಿದರು. ಹಾಲಿನವರಿಗೆ ಕೊಡುವುದು ವಾರಕ್ಕೊಮ್ಮೆ. ದಿನಸಿಗೆ ಹದಿನೈದು ದಿನಕ್ಕೊಮ್ಮೆ. ಕೆಲಸದವರಿಗೆ ತಿಂಗಳು ತುಂಬಿದ ಮೇಲೆ. ಹೀಗೆ ಎಲ್ಲರೂ ಕಾಯುತ್ತಾರೆ, ಗಿರಾಕಿ ಮಾತ್ರ ಮೊದಲೇ ಕೊಟ್ಟಿರುತ್ತಾನೆ. ಮಧ್ಯದ ಆ ದಿನಗಳಲ್ಲಿ ಹೋಟೆಲ್ ನಡೆಯುವುದು ಟೋಕನ್ ಹಿಡಿದು ನಿಂತ ನಮ್ಮ ನಿಮ್ಮ ದುಡ್ಡಿನಲ್ಲಿ.

ನಿಂತು ತಿನ್ನುವ ಈ ಪದ್ಧತಿ 1980ರ ದಶಕದಲ್ಲಿ ಜಯನಗರದ ಕಡೆ ಶುರುವಾಗಿ ಊರೆಲ್ಲಾ ಹಬ್ಬಿತು. ಹಬ್ಬಿದ್ದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಕಮ್ಮಿ ರೇಟು, ಬೇಗ ಸಿಗುವ ತಿಂಡಿ. ಸರಿಯೇ. ಆದರೆ ಒಳಗಿನ ಕಾರಣ ಇದು ಅಂತ ನನಗನ್ನಿಸುತ್ತದೆ: ಇಲ್ಲಿ ಮಾಲೀಕ ಕಾಯಬೇಕಾಗಿಲ್ಲ. ಹಾಗಂತ ದರ್ಶಿನಿ ಇಡುವುದು ಸುಲಭ ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಅಂಗಡಿ ಹಿಡಿಯಲು ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವುದು ಮಾಮೂಲು. ದರ್ಶಿನಿಯವರು ಕಾಯುವುದೆಲ್ಲಾ ಅಲ್ಲೇ, ಬಿಲ್ಡಿಂಗ್ ಓನರ್ ಹತ್ತಿರ ಸುಮ್ಮನೆ ಕೂತ ಆ ಅಡ್ವಾನ್ಸಿನಲ್ಲೇ.

ಆ ಕೋರ್ಸಿನಲ್ಲಿ ಕಲಿತಿದ್ದನ್ನೆಲ್ಲಾ ಸೋಸಿದರೆ ನನ್ನ ಹತ್ತಿರ ಉಳಿಯುವುದು ಒಂದೇ ಪ್ರಶ್ನೆ. ಯಾವ ವ್ಯವಹಾರ ನೋಡಿದರೂ ಈಗ ಅದನ್ನೇ ಕೇಳುತ್ತೇನೆ. ಇಲ್ಲಿ ಕಾಯುವವರು ಯಾರು?

ಉದ್ಯಮಿ ಅಂದರೆ ಯಾರು ಅಂತ ಮೊದಮೊದಲು ಯೋಚಿಸಿದವರಲ್ಲಿ ರಿಚರ್ಡ್ ಕ್ಯಾಂಟಿಲಾನ್ ಒಬ್ಬ. ಐರ್ಲೆಂಡಿನವನು, ಫ್ರಾನ್ಸಿನಲ್ಲಿ ಬ್ಯಾಂಕರ್ ಆಗಿದ್ದವನು. ಅವನ ಪುಸ್ತಕ ಅಚ್ಚಾಗಿದ್ದು ಅವನು ಸತ್ತ ಮೇಲೆ, 1755ರಲ್ಲಿ. ಗೊತ್ತಿರುವ ಬೆಲೆಗೆ ಕೊಂಡು ಗೊತ್ತಿಲ್ಲದ ಬೆಲೆಗೆ ಮಾರುವವನೇ ಉದ್ಯಮಿ ಅನ್ನುವುದು ಅವನ ಮಾತಿನ ಸಾರ. ಹೊಸ ಐಡಿಯಾ, ದೂರದೃಷ್ಟಿ, ನಾಯಕತ್ವ, ಯಾವುದೂ ಅದರಲ್ಲಿಲ್ಲ. ಕೊಳ್ಳುವುದಕ್ಕೂ ಮಾರುವುದಕ್ಕೂ ನಡುವೆ ಇರುವ ಹೊತ್ತನ್ನು ತನ್ನ ಮೈಮೇಲೆ ಎಳೆದುಕೊಳ್ಳುವವನು, ಅಷ್ಟೇ.

ಇದನ್ನು ಓದಿದ ಮೇಲೆ ಕೆ.ಆರ್. ಮಾರ್ಕೆಟ್ ಬೇರೆ ಥರಾನೇ ಕಾಣುತ್ತದೆ. ನಸುಕಿನಲ್ಲಿ ಸೇವಂತಿಗೆ ಮೂಟೆ ಕೊಳ್ಳುವ ಹೆಂಗಸಿಗೆ ಕೊಂಡ ಬೆಲೆ ಗೊತ್ತು. ಸಂಜೆ ಮೊಳ ಎಷ್ಟಕ್ಕೆ ಹೋಗುತ್ತದೆ ಅಂತ ಗೊತ್ತಿಲ್ಲ. ಮಳೆ ಬಂದರೆ ಮುಗೀತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರಕ್ಕೆ ಬರುವ ಬೆಲೆ ಹಬ್ಬದ ಮಾರನೇ ದಿನ ಯಾರೂ ಕೇಳುವುದಿಲ್ಲ. ಆ ಮೂಟೆ ಕೊಳ್ಳಲು ಆಕೆಗೆ ದುಡ್ಡು ಎಲ್ಲಿಂದ? ಮಾರ್ಕೆಟ್ ಸುತ್ತಮುತ್ತ ಮೀಟರ್ ಬಡ್ಡಿ ಅಂತಾರೆ. ಬೆಳಿಗ್ಗೆ 900 ಕೈಗೆ ಕೊಟ್ಟು ಸಂಜೆ 1,000 ವಾಪಸ್ ತಗೊಳ್ಳುವ ಲೆಕ್ಕ. ದಿನಕ್ಕೆ ಶೇ. 11ರ ಮೇಲೆ. ಬ್ಯಾಂಕಿನಲ್ಲಿ ಅದು ಒಂದು ವರ್ಷದ ಬಡ್ಡಿ.

ಇದು ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವೇನಲ್ಲ. 2018ರಲ್ಲಿ ರಾಜ್ಯ ಸರ್ಕಾರ 'ಬಡವರ ಬಂಧು' ತಂದಿತು, ಬೀದಿ ವ್ಯಾಪಾರಿಗಳಿಗೆ 2,000ದಿಂದ 10,000 ರೂಪಾಯಿವರೆಗೆ ಬಡ್ಡಿ ಇಲ್ಲದ ಸಾಲ. 2020ರಲ್ಲಿ ಕೇಂದ್ರದ 'ಪಿಎಂ ಸ್ವನಿಧಿ' ಬಂದಾಗ ಮೊದಲ ಕಂತು 10,000. ಮೊತ್ತ ನೋಡಿ ಕ್ಲಾಸಿನಲ್ಲಿ ಒಬ್ಬರು ನಕ್ಕರು, ಇಷ್ಟರಲ್ಲಿ ಏನು ಬರುತ್ತೆ ಅಂತ. ಮೀಟರ್ ಬಡ್ಡಿ ಕಟ್ಟುವವಳಿಗೆ ಬೇಕಾಗಿರುವುದು ಬೆಳಿಗ್ಗೆಯಿಂದ ಸಂಜೆವರೆಗೆ ಕಾಯಲು ಬೇಕಾದಷ್ಟು ದುಡ್ಡು ಮಾತ್ರ. ದಿನಕ್ಕೆ 100 ಉಳಿದರೆ ಆಕೆಯ ಮಟ್ಟಿಗೆ ಅದೇ ದೊಡ್ಡ ಲಾಭ.

ಕಾಯುವುದಕ್ಕೆ ಬೆಲೆ ಕಟ್ಟುವುದನ್ನು ನಮ್ಮವರು ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಕಲಿಯಲಿಲ್ಲ. ಚೀಟಿ ವ್ಯವಹಾರ ನೋಡಿ. ಇಪ್ಪತ್ತು ಜನ, ತಿಂಗಳಿಗೆ ತಲಾ 5,000, ಒಂದು ಲಕ್ಷದ ಚೀಟಿ. ಮೊದಲ ತಿಂಗಳೇ ದುಡ್ಡು ಬೇಕಾದವರು 25,000 ಬಿಟ್ಟು ಕೂಗುತ್ತಾರೆ, 75,000 ಎತ್ತಿಕೊಂಡು ಹೋಗುತ್ತಾರೆ. ಚೀಟಿ ನಡೆಸುವವರ ಕಮಿಷನ್ 5,000 ಹೋದರೆ ಮಿಕ್ಕ 20,000 ಎಲ್ಲರಿಗೂ ಸಾವಿರ ಸಾವಿರ ಹಂಚಿಕೆ. ಅರ್ಜೆಂಟ್ ಇರುವವರು ಕೊಡುತ್ತಾರೆ, ತಾಳ್ಮೆ ಇರುವವರು ತಗೊಳ್ಳುತ್ತಾರೆ. ಕೊನೆ ತಿಂಗಳವರೆಗೂ ಕೂಗದೆ ಕೂರುವ ಪುಣ್ಯಾತ್ಮರು ಪ್ರತಿ ಚೀಟಿಯಲ್ಲೂ ಒಬ್ಬರಿರುತ್ತಾರೆ. ನಮ್ಮ ಬೀದಿಯಲ್ಲಿ ಅದು ನಮ್ಮಮ್ಮ.

ಈಗ ಮಾವನ ವಿಷಯಕ್ಕೆ ಬರುತ್ತೇನೆ.

ಅವರದ್ದು ಟರ್ನಿಂಗ್ ಕೆಲಸ, ಅಂದರೆ ಲೋಹ ತಿರುಗಿಸಿ ಕಡೆಯುವುದು. ಕಂಪ್ಯೂಟರ್ ನಡೆಸುವ ಎರಡು ಸಿಎನ್‌ಸಿ ಮೆಷೀನ್, ಒಂದು ಡ್ರಿಲ್ಲಿಂಗ್ ಮೆಷೀನ್, ಮೂಲೆಯಲ್ಲಿ ಒಂದು ಹಳೇ ಎಚ್‌ಎಂಟಿ ಲೇಥ್. ದೊಡ್ಡ ಕಂಪನಿಗಳಿಗೆ ಬುಷ್ಷು, ಪಿನ್ನು ಮಾಡಿಕೊಡುತ್ತಾರೆ. ಅವರ ಟೇಬಲ್ ಮೇಲೆ ಎರಡು ಬಾಕ್ಸ್ ಫೈಲು. ಒಂದರಲ್ಲಿ ಕೊಡಬೇಕಾದ ಬಿಲ್ಲು, ಅದು ತೆಳ್ಳಗಿದೆ. ಇನ್ನೊಂದರಲ್ಲಿ ಬರಬೇಕಾದ ಬಿಲ್ಲು. ಅದರ ಮುಚ್ಚಳ ಕೂರುವುದಿಲ್ಲ, ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಒಳಗೆ ಡೆಲಿವರಿ ಚಲನ್, ಅದಕ್ಕೆ ಪಿನ್ ಹೊಡೆದ ಇನ್‌ವಾಯ್ಸ್, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಮಾವನ ಕೈಬರಹ. "ಫೈಲ್ ಸೈನ್‌ಗೆ ಹೋಗಿದೆ." "ಅಕೌಂಟ್ಸ್ ಮೇಡಂ ರಜೆ." "ಮುಂದಿನ ವಾರ ಗ್ಯಾರಂಟಿ." ಪ್ರತಿ ಫೋನಿಗೂ ಒಂದು ಸಾಲು, ತಾರೀಖು ಸಮೇತ. ಕೆಲವು ಇನ್‌ವಾಯ್ಸ್‌ಗಳ ಅಂಚಿನಲ್ಲಿ ಬರೆಯಲು ಜಾಗವೇ ಉಳಿದಿಲ್ಲ.

ಲೆಕ್ಕಕ್ಕೆ ಒಂದು ಬಿಲ್ ಇಟ್ಟುಕೊಳ್ಳಿ. ಕೆಲಸ ಒಂದು ಲಕ್ಷದ್ದು, ಮೇಲೆ ಜಿಎಸ್‌ಟಿ 18,000. ಸ್ಟೀಲ್ ರಾಡ್ ನಗದಿಗೆ ತರಬೇಕು, ಅಂಗಡಿಯವರು ಸಾಲ ಕೊಡುವುದಿಲ್ಲ. ಬೆಸ್ಕಾಂ ಬಿಲ್ಲು ತಿಂಗಳು ತಿಂಗಳು. ಮಾಲು ರೆಡಿ ಮಾಡಿ ಟೆಂಪೋದಲ್ಲಿ ಕಳಿಸಿದರೆ ಆ ಕಡೆಯವರು ಇನ್‌ಸ್ಪೆಕ್ಷನ್ ಮುಗಿಸಿ ಎಂಟ್ರಿ ಮಾಡುವುದಕ್ಕೆ ಒಂದು ವಾರ. ದುಡ್ಡು ಕೊಡಲು ಅವರು ಇಟ್ಟಿರುವ 60 ದಿನದ ಲೆಕ್ಕ ಶುರುವಾಗುವುದು ಆ ಎಂಟ್ರಿಯಿಂದ. 60 ಮುಗಿದ ಮೇಲೆ ಪೇಮೆಂಟ್ ಬಿಡುವುದು ತಿಂಗಳಿಗೆ ಎರಡೇ ದಿನ, ಒಂದು ತಪ್ಪಿದರೆ ಇನ್ನೊಂದಕ್ಕೆ ಕಾಯಬೇಕು. ಹೀಗೆ 60 ಹೋಗಿ 90 ಆಗುತ್ತದೆ. ಅಷ್ಟರಲ್ಲಿ ಜಿಎಸ್‌ಟಿ ಕಟ್ಟಿ ಆಗಿರಬೇಕು. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ಮುಂದಿನ ತಿಂಗಳ 20ನೇ ತಾರೀಖು ಕಡೇ ದಿನ. ಪಾರ್ಟಿ, ಅಂದರೆ ಕೆಲಸ ಕೊಟ್ಟ ಕಂಪನಿ, ದುಡ್ಡು ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ) ಶೇ. 12ಕ್ಕೆ ಸಿಕ್ಕಿದೆ ಅಂದುಕೊಂಡರೂ ಒಂದು ಲಕ್ಷಕ್ಕೆ ಮೂರು ತಿಂಗಳ ಬಡ್ಡಿ 3,000. ಆ ಕೆಲಸದಲ್ಲಿ ಉಳಿಯುವುದೇ 8,000 ಅಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಾಯುವುದರಲ್ಲೇ ಹೋಯಿತು.

ಕಾನೂನು ಇಲ್ವಾ? ಇದೆ, ಚೆನ್ನಾಗಿಯೇ ಇದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಗಳಿಗೆ ಏನೇ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಪೋರ್ಟಲ್ ಇದೆ. ಇದನ್ನೆಲ್ಲಾ ಕ್ಲಾಸಿನಲ್ಲಿ ಓದಿ ಬಂದು ಉತ್ಸಾಹದಿಂದ ಮಾವನಿಗೆ ಹೇಳಿದೆ.

ಮಾವ ಟೀ ಕುಡಿಯುತ್ತಾ ಕೇಳಿದರು. "ಪುಟ್ಟಿ, ದೂರು ಕೊಟ್ರೆ ಈ ಬಿಲ್ ದುಡ್ಡು ಬರುತ್ತೆ. ಮುಂದಿನ ಆರ್ಡರ್ ಯಾರ್ ಕೊಡ್ತಾರೆ, ನೀನ್ ಕೊಡ್ತೀಯಾ?"

ಅಲ್ಲಿಗೆ ನನ್ನ ಬಾಯಿ ಬಂದ್. ಇಡೀ ವಿಷಯ ಇರುವುದೇ ಇಲ್ಲಿ. ಕಾಯುವ ಹೊರೆಯನ್ನು ಯಾರು ಹೊರಬೇಕು ಅಂತ ತೀರ್ಮಾನ ಮಾಡುವುದು ಯಾರಿಗೆ ಯಾರು ಹೆಚ್ಚು ಬೇಕು ಅನ್ನುವುದು. ಕಾಯ್ದೆ ಆಮೇಲೆ ಬರುತ್ತದೆ. ಸರ್ಕಾರಕ್ಕೂ ಇದು ಹೊಳೆದಿರಬೇಕು. ಅದಕ್ಕೇ 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆಯ ತಿದ್ದುಪಡಿ ಬೇರೆ ದಾರಿ ಹಿಡಿಯಿತು. ಸಣ್ಣವರಿಗೆ ಗಡುವಿನೊಳಗೆ ದುಡ್ಡು ಕೊಡದಿದ್ದರೆ ಕೊಡುವವರೆಗೂ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ. ಸಣ್ಣವನು ದೂರು ಕೊಡಬೇಕಾಗಿಲ್ಲ, ದೊಡ್ಡವರ ಆಡಿಟರೇ ಅವರ ಹಿಂದೆ ಬೀಳುತ್ತಾನೆ. ನನ್ನ ಪ್ರಕಾರ ಇದು ಬುದ್ಧಿವಂತ ಕಾನೂನು. ಮಾರ್ಚ್ ಕೊನೆಯಲ್ಲಿ ಮಾವನ ಫೋನಿಗೆ ಪಟಪಟ ಪೇಮೆಂಟ್ ಮೆಸೇಜ್ ಬರುತ್ತವೆ. ಏಪ್ರಿಲ್‌ನಲ್ಲಿ ಮತ್ತೆ ಅಕೌಂಟ್ಸ್ ಮೇಡಂ ರಜೆ.

ಆ 90 ದಿನ ಕೊನೆಗೆ ಎಲ್ಲಿ ಹೋಗಿ ಕೂರುತ್ತದೆ ಅಂತ ನಾನು ಬೆನ್ನು ಹತ್ತಿ ನೋಡಿದೆ. ದೊಡ್ಡ ಕಂಪನಿಯಿಂದ ಮಾವನ ಮೇಲೆ. ಮಾವನ ಓಡಿ ತುಂಬಿದ ಮೇಲೆ ಅತ್ತೆಯ ಬಳೆಗಳ ಮೇಲೆ. ಅವು ಗೋಲ್ಡ್ ಲೋನ್ ಕಂಪನಿಗೆ ಎಷ್ಟು ಸಲ ಹೋಗಿ ಬಂದಿವೆ ಅಂದರೆ ಅಲ್ಲಿನ ಹುಡುಗ ತೂಕ ಹಾಕುವ ಮೊದಲೇ ಗ್ರಾಂ ಹೇಳುತ್ತಾನಂತೆ. ಆ ದೊಡ್ಡ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಈ ಬಳೆ ಎಲ್ಲೂ ಕಾಣುವುದಿಲ್ಲ.

ಕ್ಲಾಸಿನಲ್ಲಿ ಒಂದು ದಿನ ರಿಂಗ್ ಎಸೆಯುವ ಆಟ ಆಡಿಸಿದರು. ಜಾತ್ರೆಯಲ್ಲಿ ಇರುತ್ತಲ್ಲ, ಅದೇ. ನೆಟ್ಟ ಗೂಟಕ್ಕೆ ಎಷ್ಟು ದೂರದಿಂದ ಬೇಕಾದರೂ ಎಸೆಯಬಹುದು. ಇದರ ಹಿಂದೆ ಹಾರ್ವರ್ಡ್‌ನ ಮನಃಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್ ಇದ್ದಾರೆ. ಸಾಧಿಸುವ ಹಂಬಲ ಇರುವವರು ತೀರಾ ಹತ್ತಿರದಿಂದಲೂ ಎಸೆಯುವುದಿಲ್ಲ, ತೀರಾ ದೂರದಿಂದಲೂ ಇಲ್ಲ, ಕಷ್ಟಪಟ್ಟರೆ ಬೀಳುವಷ್ಟು ದೂರ ಆರಿಸಿಕೊಳ್ಳುತ್ತಾರೆ ಅನ್ನುವುದು ಅವರು ಕಂಡಿದ್ದು. ಆ ಹಂಬಲವನ್ನು ತರಬೇತಿಯಿಂದ ಬೆಳೆಸಬಹುದಾ ಅಂತ ನೋಡಲು 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಡಿಸಿದರು. ನಮ್ಮ ದೇಶದ ಉದ್ಯಮಶೀಲತಾ ತರಬೇತಿಗಳಲ್ಲಿ ಆ ಪ್ರಯೋಗದ ನೆರಳು ಇವತ್ತಿಗೂ ಇದೆ. ಆಟ ಚೆನ್ನಾಗಿತ್ತು. ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಎಷ್ಟು ದೂರ ನಿಲ್ಲಬೇಕು ಅಂತ ಇಲ್ಲಿ ನಾವೇ ಆರಿಸುತ್ತೇವೆ. ಪೀಣ್ಯದಲ್ಲಿ ಅದನ್ನು ಪಾರ್ಟಿ ಹೇಳುತ್ತದೆ.

ಉಜಿರೆಯ ರುಡ್‌ಸೆಟ್ ಸಂಸ್ಥೆಯವರು ಇದನ್ನು ಬೇರೆ ಕಡೆಯಿಂದ ಹಿಡಿದಿದ್ದಾರೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ ಸಂಸ್ಥೆ. ಹಳ್ಳಿಯ ನಿರುದ್ಯೋಗಿ ಹುಡುಗ ಹುಡುಗಿಯರಿಗೆ ಊಟ, ವಸತಿ ಕೊಟ್ಟು ಪುಕ್ಕಟೆ ತರಬೇತಿ. ತರಬೇತಿ ಕೆಲವೇ ವಾರ. ಮುಗಿದ ಮೇಲೆ ಎರಡು ವರ್ಷ ಅವರ ಬೆನ್ನಿಗೆ ನಿಲ್ಲುತ್ತಾರೆ, ಬ್ಯಾಂಕ್ ಸಾಲಕ್ಕೂ ಜೊತೆಗಿರುತ್ತಾರೆ. ಆಮೇಲೆ ಇಡೀ ದೇಶದಲ್ಲಿ ಇದೇ ಮಾದರಿಯ ಸಂಸ್ಥೆಗಳು ಬಂದವು. ಕಲಿಸುವುದಕ್ಕೆ ಕಡಿಮೆ ದಿನ, ಜೊತೆಗಿದ್ದು ಕಾಯುವುದಕ್ಕೆ ಜಾಸ್ತಿ ದಿನ. ನಗರದ ಎಷ್ಟೋ ಕೋರ್ಸುಗಳಲ್ಲಿ ಇದು ತಿರುಗುಮುರುಗು. ಸರ್ಟಿಫಿಕೇಟ್ ಕೊಟ್ಟು ಗ್ರೂಪ್ ಫೋಟೋ ತೆಗೆದ ಮೇಲೆ ನೀವ್ಯಾರೋ ನಾವ್ಯಾರೋ.

ಓದಿದ್ದರಲ್ಲಿ ನನಗೆ ನೇರವಾಗಿ ಉಪಯೋಗಕ್ಕೆ ಬಂದಿದ್ದು ಸರಸ್ ಸರಸ್ವತಿ ಅವರ ಕೆಲಸ. ಭಾರತದಿಂದ ಅಮೆರಿಕಕ್ಕೆ ಹೋದವರು. ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಅವರ ಶಿಷ್ಯೆ. ಪಳಗಿದ 27 ಉದ್ಯಮಿಗಳ ಮುಂದೆ ಒಂದೇ ಸಮಸ್ಯೆ ಇಟ್ಟು, ಯೋಚನೆ ಮಾಡುವುದನ್ನು ಬಾಯಿಬಿಟ್ಟು ಹೇಳಿ ಅಂತ ಕೂರಿಸಿ ಕೇಳಿದರು. 2001ರಲ್ಲಿ ಬಂದ ಅವರ ಪ್ರಬಂಧದಲ್ಲಿ ಅಡುಗೆಯ ಉದಾಹರಣೆ ಇದೆ. ಮೆನು ಮೊದಲೇ ಬರೆದು ಸಾಮಾನು ತರುವುದು ಒಂದು ರೀತಿ. ಮನೆಯಲ್ಲಿ ಏನಿದೆ ನೋಡಿ ಅದರಲ್ಲಿ ಅಡುಗೆ ಮಾಡುವುದು ಇನ್ನೊಂದು. ಪಳಗಿದವರು ಎರಡನೆಯದನ್ನು ಮಾಡುತ್ತಾರೆ. ಅವರು ಎಷ್ಟು ಲಾಭ ಬರಬಹುದು ಅಂತ ಲೆಕ್ಕ ಹಾಕುವುದಿಲ್ಲ, ಎಷ್ಟು ಹೋದರೆ ತಡೆದುಕೊಳ್ಳಬಹುದು ಅಂತ ಹಾಕುತ್ತಾರೆ. ನಾನು ಇದಕ್ಕೆ ನನ್ನದೇ ಒಂದು ಸಾಲು ಸೇರಿಸಿಕೊಂಡಿದ್ದೇನೆ. ಎಷ್ಟು ದುಡ್ಡು ಹೋಗಬಹುದು ಅನ್ನುವುದರ ಜೊತೆಗೆ ಎಷ್ಟು ತಿಂಗಳು ಬಾರದಿರಬಹುದು ಅಂತಲೂ ಬರೆಯಬೇಕು. ಇವೆರಡೂ ಒಂದೇ ಅಲ್ಲ. ದುಡ್ಡು ಕಳೆದುಕೊಂಡು ಮುಳುಗಿದ ವರ್ಕ್‌ಶಾಪ್‌ಗಳಿಗಿಂತ, ದುಡ್ಡು ಬರುವುದರೊಳಗೆ ಉಸಿರುಗಟ್ಟಿದ ವರ್ಕ್‌ಶಾಪ್‌ಗಳನ್ನೇ ನಾನು ಪೀಣ್ಯದಲ್ಲಿ ಜಾಸ್ತಿ ನೋಡಿದ್ದೇನೆ.

ಎಂಟಿಆರ್ ಕಥೆಯನ್ನೂ ಹೀಗೇ ಓದಬಹುದು. 1924ರಲ್ಲಿ ಶುರುವಾದ ಹೋಟೆಲ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಿದ್ದಾಗ ರವೆಯಲ್ಲಿ ಇಡ್ಲಿ ಮಾಡಿದರು ಅನ್ನುವುದು ಊರಿಗೆಲ್ಲಾ ಗೊತ್ತು, ಸರಸ್ವತಿಯವರ ಅಡುಗೆ ಉದಾಹರಣೆಗೆ ಇದಕ್ಕಿಂತ ಒಳ್ಳೇ ಸಾಕ್ಷಿ ಬೇಡ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಮುಂದಿನದು. ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ಸರ್ಕಾರವೇ ಬೆಲೆ ಕಟ್ಟಿತು. ಆ ಬೆಲೆಗೆ ಆ ಗುಣಮಟ್ಟ ಕೊಡಲು ಆಗದೆ ಹೋಟೆಲ್ ಮುಚ್ಚಿದರು, ದಿಢೀರ್ ಮಿಕ್ಸು, ಮಸಾಲೆ ಪುಡಿಗಳ ಕಡೆ ಹೊರಳಿದರು. ಪ್ಲೇಟಿನಲ್ಲಿರುವ ಇಡ್ಲಿಗೆ ಒಂದು ಗಂಟೆ ಆಯುಸ್ಸು. ಪ್ಯಾಕೆಟ್ಟಿನಲ್ಲಿರುವ ರವೆ ಇಡ್ಲಿ ಮಿಕ್ಸು ತಿಂಗಳುಗಟ್ಟಲೆ ಇರುತ್ತದೆ. ಕಾಯಲಾರದ ಪದಾರ್ಥವನ್ನು ಕಾಯಬಲ್ಲ ಪದಾರ್ಥವಾಗಿ ಮಾಡಿದರು. ಆ ಪ್ಯಾಕೆಟ್ ವ್ಯವಹಾರವನ್ನೇ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡುಕೊಂಡಿತು. ಹೋಟೆಲ್ ಆ ಕುಟುಂಬದ ಹತ್ತಿರವೇ ಉಳಿಯಿತು.

ಕ್ಲಾಸಿನಲ್ಲಿ ಎಲ್ಲರಿಗೂ ಇಷ್ಟವಾದ ಅಂಕಿ 10,000. ಕಿರಣ್ ಮಜುಂದಾರ್ ಶಾ 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಬಯೋಕಾನ್ ಶುರು ಮಾಡಿದ್ದು 10,000 ರೂಪಾಯಿಯಲ್ಲಿ. 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್‌ಗೂ ಸುಧಾ ಮೂರ್ತಿಯವರು ಕೊಟ್ಟಿದ್ದು 10,000. ಪ್ರೆಸೆಂಟೇಷನ್‌ಗಳಲ್ಲಿ ಈ ಅಂಕಿ ದಪ್ಪಕ್ಷರದಲ್ಲಿ ಬರುತ್ತಿತ್ತು. ಬಂಡವಾಳ ಬೇಡ, ಛಲ ಸಾಕು ಅನ್ನುವ ಅರ್ಥದಲ್ಲಿ. ನನಗೆ ಇದು ಅರ್ಧ ಕಥೆ ಅನ್ನಿಸುತ್ತದೆ. ಒಂದು ಫೋನ್ ಕನೆಕ್ಷನ್‌ಗೆ ವರ್ಷಗಟ್ಟಲೆ, ಕಂಪ್ಯೂಟರ್ ತರಿಸುವ ಲೈಸೆನ್ಸಿಗೆ ಅದಕ್ಕಿಂತ ಜಾಸ್ತಿ ಕಾಯಬೇಕಿತ್ತು ಅಂತ ನಾರಾಯಣ ಮೂರ್ತಿಯವರೇ ಎಷ್ಟೋ ಸಲ ಹೇಳಿದ್ದಾರೆ. ಕಿರಣ್ ಅವರಿಗೆ ಹೆಣ್ಣು, ಚಿಕ್ಕ ವಯಸ್ಸು, ಯಾರಿಗೂ ಅರ್ಥವಾಗದ ಎಂಜೈಮ್ ವ್ಯವಹಾರ ಅಂತ ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡಿದವು. ಆದರೆ ಅವರ ಹಿಂದೆ ಐರ್ಲೆಂಡಿನ ಒಂದು ಕಂಪನಿ ಇತ್ತು, ಪರಂಗಿ ಹಣ್ಣಿನಿಂದ ತೆಗೆದ ಎಂಜೈಮನ್ನು ಕೊಳ್ಳುವ ಗಿರಾಕಿ ಗೊತ್ತಿತ್ತು. ಇನ್ಫೋಸಿಸ್‌ನವರು ಕಂಪ್ಯೂಟರ್ ಬರುವವರೆಗೆ ಅಮೆರಿಕದ ಗಿರಾಕಿಯ ಜಾಗದಲ್ಲೇ ಹೋಗಿ ಕೆಲಸ ಮಾಡಿದರು. 10,000 ಯಾರು ಬೇಕಾದರೂ ಹೊಂದಿಸಬಹುದು. ಅಷ್ಟು ದಿನ ಕಾಯುವಾಗ ಅಡುಗೆಮನೆ ನಡೆಯುವ ದಾರಿ ಎಲ್ಲರಿಗೂ ಇರುವುದಿಲ್ಲ.

ಇನ್ನು ನಮ್ಮ ಕಾಲದ ಸ್ಟಾರ್ಟಪ್‌ಗಳು. ಕೋರ್ಸಿನ ಕೊನೆಯಲ್ಲಿ ಎಲ್ಲರೂ ಪಿಚ್ ಮಾಡಬೇಕಿತ್ತು, ಅಂದರೆ ಹೂಡಿಕೆದಾರರಿಗೆ ಹೇಳುವ ಹಾಗೆ ತಮ್ಮ ಐಡಿಯಾ ಒಪ್ಪಿಸಬೇಕಿತ್ತು. ಹತ್ತರಲ್ಲಿ ಎಂಟು ಜನರ ಸ್ಲೈಡಿನಲ್ಲಿ ಒಂದೇ ಮಾತು: ಭಾರತದಲ್ಲಿ 140 ಕೋಟಿ ಜನ, ಅದರಲ್ಲಿ ಶೇ. 1 ಜನ ಕೊಂಡರೂ ಸಾಕು. ಆ ಶೇ. 1 ಯಾವ ಬಸ್ ಹತ್ತಿ ಬರುತ್ತದೆ ಅಂತ ಮೇಡಂ ಕೇಳಿದರೆ ಉತ್ತರ ಇಲ್ಲ. ಪಿಚ್ ಅನ್ನುವ ವ್ಯವಹಾರವೇ ನನಗೆ ಹಿಡಿಸಲಿಲ್ಲ. ಅದು ಮದುವೆ ಬ್ರೋಕರ್ ಹತ್ತಿರ ಕೊಡುವ ಬಯೋಡೇಟಾ ಇದ್ದ ಹಾಗೆ, ಅದರಲ್ಲಿ ಯಾರೂ ಗೊರಕೆ ಹೊಡೆಯುವುದಿಲ್ಲ.

ಆದರೆ ಫ್ಲಿಪ್‌ಕಾರ್ಟ್ ಬಗ್ಗೆ ನಡೆದ ಚರ್ಚೆ ಚೆನ್ನಾಗಿತ್ತು. 2007ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ಬನ್ಸಾಲ್‌ಗಳು ಪುಸ್ತಕ ಮಾರುತ್ತಾ ಶುರು ಮಾಡಿದ್ದು. ಮೊದಮೊದಲು ಆರ್ಡರ್, ದುಡ್ಡು ಬಂದ ಮೇಲೆ ಪುಸ್ತಕ ತರಿಸಿ ಕಳಿಸುತ್ತಿದ್ದರು. ಥೇಟ್ ದೋಸೆ ಕಾವಲಿಯ ಲೆಕ್ಕ. 2010ರಲ್ಲಿ ಮಾಲು ಮನೆಗೆ ಬಂದ ಮೇಲೆ ದುಡ್ಡು ಕೊಡುವ ಪದ್ಧತಿ ತಂದರು. ಮುಖ ನೋಡದ ವೆಬ್‌ಸೈಟಿಗೆ ಮೊದಲೇ ದುಡ್ಡು ಕೊಡಲು ಜನ ಹೆದರುತ್ತಿದ್ದರು. ಆ ಹೆದರಿಕೆಯನ್ನು ಕಂಪನಿ ತನ್ನ ಮೇಲೆ ತಗೊಂಡಿತು. ಗಿರಾಕಿ ಕಾಯುವುದು ನಿಂತಿತು, ಕಂಪನಿ ಕಾಯುವುದು ಶುರುವಾಯಿತು. ಮಾಲಿಗೆ ದುಡ್ಡು ಮೊದಲು, ಕೊರಿಯರ್ ಹುಡುಗ ತಂದುಕೊಡುವ ನಗದು ಆಮೇಲೆ, ಬೇಡ ಅಂತ ವಾಪಸ್ ಬಂದರೆ ಅದೂ ಇಲ್ಲ. ಇಷ್ಟು ದೊಡ್ಡ ಪ್ರಮಾಣದಲ್ಲಿ ಕಾಯಬೇಕಾದರೆ ಬೇರೆಯವರ ದುಡ್ಡು ಬೇಕೇ ಬೇಕು. ಹೂಡಿಕೆದಾರರು ಕೊಟ್ಟಿದ್ದು ಅದನ್ನೇ. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಶೇ. 77ರಷ್ಟು ಪಾಲು ಕೊಂಡಾಗ ಆ ಕಾಯುವಿಕೆಗೆ ಫಲ ಬಂತು. ಹಾಗೆ ಕಾದು ಫಲ ಸಿಗದ ಹೂಡಿಕೆಗಳ ಲೆಕ್ಕ ಯಾರ ಸ್ಲೈಡಿನಲ್ಲೂ ಇರಲಿಲ್ಲ.

ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್‌ನಲ್ಲಿ ಗಾಳಿ ಬೀಸಿದ್ದು ಇನ್ನೊಂದು ದಿಕ್ಕಿಗೆ. 2003ರಲ್ಲಿ ಬೆಂಗಳೂರು–ಹುಬ್ಬಳ್ಳಿ ವಿಮಾನದಿಂದ ಶುರು. ಬಾಗಿಲು ಮುಚ್ಚಿದ ಮೇಲೆ ಖಾಲಿ ಸೀಟಿಗೆ ಮೂರು ಕಾಸು ಬರುವುದಿಲ್ಲ. ಅದಕ್ಕೇ ಬೇಗ ಬುಕ್ ಮಾಡಿದವರಿಗೆ ಅಗ್ಗ. ಒಂದು ರೂಪಾಯಿ ಟಿಕೆಟ್ಟೂ ಇತ್ತು, ತೆರಿಗೆ ಬೇರೆ. ಪ್ರಯಾಣಿಕರು ತಿಂಗಳುಗಟ್ಟಲೆ ಮುಂಚೆ ದುಡ್ಡು ಕೊಟ್ಟು ಕಾದರು, ಕಂಪನಿಗೆ ಮುಂಗಡ ಸಿಕ್ಕಿತು. ಆದರೂ ನಷ್ಟ ನಿಲ್ಲಲಿಲ್ಲ, ಕಿಂಗ್‌ಫಿಷರ್ ಜೊತೆ ವಿಲೀನವಾಯಿತು. 2012ರಲ್ಲಿ ಕಿಂಗ್‌ಫಿಷರ್ ಹಾರಾಟವೂ ನಿಂತಿತು. ಆ ವರ್ಷದ ಪೇಪರ್ ನೆನಪಿದೆಯಾ? ಪೈಲಟ್‌ಗಳು, ಎಂಜಿನಿಯರ್‌ಗಳು ತಿಂಗಳುಗಟ್ಟಲೆ ಸಂಬಳ ಇಲ್ಲದೆ ಬೀದಿಗಿಳಿದಿದ್ದರು. ಎಲ್ಲರೂ ತಮ್ಮ ಪಾಲಿನ ಕಾಯುವಿಕೆಯನ್ನು ದಾಟಿಸುತ್ತಾ ಹೋದರೆ ಅದು ಕೊನೆಗೆ ಬಂದು ನಿಲ್ಲುವ ಜಾಗ ಅದು.

ಇದು ಹೊಳೆದ ಮೇಲೆ ಮಾವನ ವರ್ಕ್‌ಶಾಪನ್ನೂ ಅದೇ ಕಣ್ಣಿನಲ್ಲಿ ನೋಡಬೇಕಾಯಿತು. ಮಾವ ತಿಂಗಳ 7ರೊಳಗೆ ಸಂಬಳ ಕೊಡುತ್ತಾರೆ. ಕಾನೂನೂ ಅದೇ, ಅವರು ಯಾವತ್ತೂ ತಪ್ಪಿಸಿಲ್ಲ. ಆದರೂ ಲೆಕ್ಕ ಹಾಕಿದರೆ ಒಂದನೇ ತಾರೀಖು ಮಾಡಿದ ಕೆಲಸಕ್ಕೆ ದುಡ್ಡು ಸಿಗುವುದು ಮುಂದಿನ ತಿಂಗಳು 7ಕ್ಕೆ. ಅಷ್ಟು ದಿನ ಮಷೀನ್ ಹಿಂದೆ ನಿಂತ ಹುಡುಗರು ಮಾವನಿಗೆ ಸಾಲ ಕೊಟ್ಟಿದ್ದಾರೆ, ಬಡ್ಡಿ ಇಲ್ಲದೆ. ತಿಂಗಳ ಮಧ್ಯೆ ಯಾರಾದರೂ ಅಡ್ವಾನ್ಸ್ ಕೇಳಿದರೆ ಮಾವ ಮುಖ ಸಿಂಡರಿಸುತ್ತಾರೆ. ಅವರು ಕೇಳುವುದು ಆಗಲೇ ದುಡಿದು ಇಟ್ಟಿರುವ ದುಡ್ಡು.

ಇದನ್ನು ಹೇಳಿದಾಗ ಮಾವನಿಗೆ ಸಿಟ್ಟು ಬಂತು. "ನಾನೇನ್ ಅವರ ದುಡ್ಡಲ್ಲಿ ಬದುಕ್ತಿದೀನಾ?" ಅಂದರು. ನಾನು ಸುಮ್ಮನಿದ್ದೆ. ಅತ್ತೆ ಒಳಗಿನಿಂದ "ನನ್ನ ಬಳೇಲಿ ಬದುಕ್ತಿದೀರಾ" ಅಂದರು. ಅಲ್ಲಿಗೆ ಜಗಳ ನಗುವಾಯಿತು.

ಈಗ ಹೊಸ ಪಾರ್ಟಿಗಳಿಗೆ ಎರಡೇ ಷರತ್ತು. ಒಂದೋ ಮೆಟೀರಿಯಲ್ ಅವರೇ ಕಳಿಸಬೇಕು, ನಮ್ಮದು ಬರೀ ಲೇಬರ್ ಚಾರ್ಜು. ಇಲ್ಲವಾದರೆ ಆರ್ಡರ್ ಜೊತೆಗೇ ಶೇ. 40 ಅಡ್ವಾನ್ಸ್. ಹೆಸರಿರುವ ಒಂದು ಕಂಪನಿ ಇದನ್ನು ಕೇಳಿ ಪಕ್ಕದ ಶೆಡ್ಡಿಗೆ ಹೋಯಿತು. ಎರಡು ಸಣ್ಣ ಕಂಪನಿಗಳು ಚೌಕಾಸಿ ಮಾಡಿ ಒಪ್ಪಿಕೊಂಡವು. ಅವರು ಕೊಡುವ ರೇಟು ಸ್ವಲ್ಪ ಕಮ್ಮಿ, ಆದರೆ ಲೆಕ್ಕ ಹಾಕಿದರೆ ಕೈಗೆ ಉಳಿಯುವುದು ಜಾಸ್ತಿ. ಹಳೇ ಪಾರ್ಟಿಗಳ ಹತ್ತಿರ ಇದನ್ನೆಲ್ಲಾ ಹೇಳಲು ಮಾವನಿಗೆ ಇನ್ನೂ ಧೈರ್ಯ ಬಂದಿಲ್ಲ.

ಮುಂದಿನ ತಿಂಗಳಿನಿಂದ ಹುಡುಗರಿಗೆ ಸಂಬಳ ಎರಡು ಕಂತಿನಲ್ಲಿ ಕೊಡುವುದು ಅಂತ ಆಗಿದೆ. ತಿಂಗಳ ಮೊದಲರ್ಧದ ಕೆಲಸಕ್ಕೆ 20ರಂದು, ಮಿಕ್ಕಿದ್ದು 7ರಂದು. 20 ಅಂದರೆ ಜಿಎಸ್‌ಟಿ ಕಟ್ಟುವ ದಿನವೂ ಹೌದು. "ಆ ತಾರೀಖೇ ಬೇಕಿತ್ತಾ ನಿಂಗೆ?" ಅಂತ ಮಾವ ಗೊಣಗುತ್ತಿದ್ದಾರೆ. 22 ಮಾಡೋಣ ಅಂದಿದ್ದೇನೆ, ಇನ್ನೂ ಒಪ್ಪಿಲ್ಲ.